ದೇವರಾಯನದುರ್ಗವೂ ತಲೆಕೆಳಗಾದ ನೇಗಿಲೂ

ತುಮಕೂರು ಸೀಮೆಯ ಊರ್ಡಿಗೆರೆಯ ನೆರೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 3,900 ಅಡಿಗಳಷ್ಟು ಉನ್ನತವಾಗಿ, ಕಾಡು ಹೊದೆದು ನಿಂತಿರುವ ದೇವರಾಯನದುರ್ಗವು ಭೋಗನರಸಿಂಹ ಯೋಗನರಸಿಂಹರ ಸನ್ನಿಧಿಯಿಂದ ಭಕ್ತರಿಗೂ, ತಂಪಾದ ಗಾಳಿಯಿಂದ ವಿಹಾರಾರ್ಥಿಗಳಿಗೂ ಸಮಾನವಾಗಿ ಪ್ರಿಯವಾದ ಗಿರಿ. ಇಲ್ಲಿ ಹುಟ್ಟುವ ಜಯಮಂಗಲಿಯು ಉತ್ತರಪಿನಾಕಿನಿಯನ್ನೂ, ಶಿಂಷೆಯು ಕಾವೇರಿಯನ್ನೂ ಸೇರುವುವು. ಒಮ್ಮೆ ಜಡಕನದುರ್ಗವೆನಿಸಿಕೊಂಡಿದ್ದ ಈ ಬೆಟ್ಟವನ್ನು ಮೈಸೂರಿನ ಚಿಕ್ಕದೇವರಾಜ ಒಡೆಯರು ಸ್ವಾಧೀನಪಡಿಸಿಕೊಂಡ ಮೇಲೆ ಅದಕ್ಕೆ ಈಗಿನ ಹೆಸರು ಬಂದಿತೆಂದು ಬಿ. ಎಲ್. ರೈಸರ ಮೈಸೂರು ಗ್ಯಾಸೆಟಿಯರು ತಿಳಿಸುವುದು. ವಿಜಯದ ಈ ವಾರ್ತೆ ಒಂದು ವಾಕ್ಯದಲ್ಲಿ ಮುಗಿದುಹೋಗುವುದಾದರೂ, ಅದೇ ಅರಸನ ಆಳಿಕೆಯಲ್ಲಿ ಉತ್ತವರು ನಡೆಸಿದ ಪ್ರತಿಭಟನೆಯನ್ನು ಬಿಟ್ಟು ದುರ್ಗದ ಚರಿತ್ರೆಯನ್ನು ಬರೆಯುವುದು ಯುಕ್ತವಲ್ಲವೆಂಬುದು ಈ ಲೇಖಕನ ದೃಢವಾದ ಅಭಿಪ್ರಾಯ.

1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜರು ಅಸಾಧಾರಣ ಪುರುಷರು. ಮೊಗಲರ ಸೇನಾನಿ ಖಾಸಿಂಖಾನನಿಂದ ಬೆಂಗಳೂರನ್ನು ಮೂರು ಲಕ್ಷ ರೂಪಾಯಿಗಳಿಗೆ ಕೊಂಡವರು. ಅಠಾರಾ ಕಚೇರಿಯ, ಎಂದರೆ ಹದಿನೆಂಟು ಇಲಾಖೆಗಳ, ವ್ಯವಸ್ಥೆಯನ್ನು ನೆಲೆಗೊಳಿಸಿದವರು. ತಿರುಮಲಾರ್ಯ, ಸಿಂಗರಾರ್ಯ, ಹೊನ್ನಮ್ಮರಂಥ ಕವಿಗಳಿಗೆ ಆಶ್ರಯವಿತ್ತವರು. ಆದರೆ ಈ ಸಮಸ್ತ ವೈಭವದ ಭಾರವನ್ನು ಹೊತ್ತುದು ಹೊಲ. ಫಲದ ಆರನೆಯ ಒಂದು ಭಾಗವೇ ರಾಜನ ಪಾಲೆಂಬ ಶಾಸ್ತ್ರಮರ್ಯಾದೆಯನ್ನು ಬಹಿರಂಗವಾಗಿ ಮೀರಲಾಗದೆ, ಅದರ ಸುತ್ತ ಹಲವು ಚಿಲ್ಲರೆ ತೆರಿಗೆಗಳನ್ನು ಹೂಡಿದರೆಂದು ಮೈಸೂರಿನ ಚರಿತ್ರೆಯನ್ನು ರಚಿಸಿದ ಕರ್ನಲ್ ವಿಲ್ಕ್ಸ್ ಬರೆದಿರುವನು. ಹುಲ್ಲಿನ ಮೇಲೆ ಹುಲ್ಲುಹಣ, ನೇಯುವವನಿಗೆ ಮಗ್ಗಕಂದಾಯ, ಸವೆದ ನಾಣ್ಯದ ನಷ್ಟವನ್ನು ರೈತನಿಂದಲೇ ತುಂಬಿಸಿಕೊಳ್ಳುವ ದೇವರಾಯವಟ್ಟ. ದುರ್ಗಕ್ಕೆ ಯಾವ ಹೆಸರೋ ತೆರಿಗೆಗೂ ಅದೇ ಹೆಸರು.

ಇದಕ್ಕೆ ರೈತರು ಕೊಟ್ಟ ಉತ್ತರವನ್ನು ವಿಲ್ಕ್ಸ್ ಚಿತ್ರಿಸಿರುವ ಬಗೆ ಮನನೀಯವಾದುದು. ನೇಗಿಲನ್ನು ತಲೆಕೆಳಗು ಮಾಡಿ, ಊರಬಾಗಿಲಲ್ಲಿ ಜನರು ಕೂಡಿ ಮಾತನಾಡುವ ನೆರಳಿನ ಮರಕ್ಕೆ ತೂಗಹಾಕುವುದು: ಅದೇ ದಂಗೆಯ ಡಂಗುರ. ಅನಂತರ ಉಳುಮೆಯನ್ನು ತೊರೆದು, ಊರನ್ನೇ ಬಿಟ್ಟು, ಒಂದೆಡೆ ಗುಂಪುಗೂಡುವುದು. ವೀರಶೈವ ಗುರುಗಳಾದ ಜಂಗಮರು ಈ ಪ್ರತಿರೋಧಕ್ಕೆ ಬೆಂಬಲವಾಗಿದ್ದರೆಂದೂ, ಅರಸನು ಅವರನ್ನು ನಂಜನಗೂಡಿಗೆ ಕರೆಸಿ ನಾನೂರಕ್ಕೂ ಹೆಚ್ಚು ಮಂದಿಯನ್ನು ಕೊಲ್ಲಿಸಿದನೆಂದೂ, ಏಳುನೂರಕ್ಕೂ ಮಿಕ್ಕ ಮಠಗಳು ನಾಶವಾದುವೆಂದೂ ವಿಲ್ಕ್ಸ್ ಮುಂದುವರಿಸುವನು. ವಿಲ್ಕ್ಸನ ಗ್ರಂಥದ ಮೊದಲ ಸಂಪುಟ ಹೊರಬಿದ್ದುದು 1810ರಲ್ಲಿ, ಅಂದರೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ಮೈಸೂರಿನ ಚರಿತ್ರಕಾರರಾದ ಹಯವದನರಾಯರು ಈ ಹತ್ಯೆಯ ಕಥನವನ್ನು ಸಂಶಯಿಸಿರುವರು. ಆ ಸಂಶಯಕ್ಕೆ ಆಧಾರವಿದೆ. ಬಾಯಿಂದ ಬಾಯಿಗೆ ಸಾಗುವ ಕಥೆಯಲ್ಲಿ ಸತ್ತವರ ಸಂಖ್ಯೆ ಬೆಳೆಯುವುದು ಸಹಜ. ಆದರೆ ಮರಕ್ಕೆ ನೇಗಿಲನ್ನು ಕಟ್ಟುವ ಸಂಗತಿಯನ್ನು ಅದೇ ತಕ್ಕಡಿಯಲ್ಲಿ ತೂಗಲಾಗದು. ಯಾರನ್ನೂ ನಿಂದಿಸದ, ಯಾರನ್ನೂ ಹೊಗಳದ ಆ ವಿವರವು ಆಸ್ಥಾನದಲ್ಲಿ ಹುಟ್ಟಿದ ಕಲ್ಪನೆಯಲ್ಲ, ಹಳ್ಳಿಯ ನಡವಳಿಕೆಯಿಂದ ಬಂದುದೆಂದೇ ತೋರುವುದು.

ಊರು ಬಿಟ್ಟು ಗುಂಪುಗೂಡುವ ಈ ನಡವಳಿಕೆಗೆ ಉಪಬಲಕವಾದ ಸಾಕ್ಷ್ಯವು ಸುಮಾರು ಒಂದೂವರೆ ಶತಮಾನದ ತರುವಾಯ, ಮಲೆನಾಡಿನ ನಗರ ಸೀಮೆಯಲ್ಲಿ ನಡೆದ 1830ರ ದಂಗೆಯಲ್ಲಿ ದೊರೆಯುವುದು. ಇಷ್ಟು ಹಣವನ್ನು ವಸೂಲು ಮಾಡಿಯೇ ಕೊಡುವೆನೆಂದು ಅಮಲ್ದಾರನು ಒಪ್ಪಿ ಬರೆದುಕೊಡುತ್ತಿದ್ದ ಶರ್ತಿನ ಪದ್ಧತಿಯಿಂದ ಬೇಸತ್ತ ರೈತರು ಆಗಲೂ ಮೊದಲು ಮಾಡಿದ್ದು ಕಂದಾಯವನ್ನು ತಡೆದು, ಹಳ್ಳಿಗಳನ್ನು ಬಿಟ್ಟು, ಕೂಟಗಳಾಗಿ ಸೇರಿದ್ದು. ಬೂದಿ ಬಸವಪ್ಪನೂ ತರೀಕೆರೆಯ ರಂಗಪ್ಪನಾಯಕನೂ ಮುಂದಾಳುಗಳಾದ ಆ ದಂಗೆಯನ್ನು 1831ರಲ್ಲಿ ಸೈನ್ಯಬಲದಿಂದ ಅಡಗಿಸಲಾಯಿತು. ಮೈಸೂರಿನ ಅರಸರಾದ ಮುಮ್ಮಡಿ ಕೃಷ್ಣರಾಜರ ಕೈಯಿಂದ ಆಡಳಿತವೂ ಅದೇ ವರ್ಷ ಜಾರಿತು. ಬ್ರಿಟಿಷ್ ಕಮಿಷನರುಗಳ ಆಳಿಕೆ 1881ರವರೆಗೆ ನಡೆಯಿತು.

ನಗರದ ಬಿರುಗಾಳಿ ತುಮಕೂರಿನ ಸೀಮೆಯನ್ನು ಮುಟ್ಟಿದುದು ಈ ದಾರಿಯಿಂದ. ಹೊಸ ಏರ್ಪಾಡಿನ ಚಿತ್ರದುರ್ಗ ವಿಭಾಗಕ್ಕೆ ತುಮಕೂರೇ ಮುಖ್ಯಸ್ಥಳವಾಗಿ, ಡಾಬ್ಸ್ ಎಂಬ ಅಧಿಕಾರಿ ಬಹುಕಾಲ ಇಲ್ಲಿ ನೆಲಸಿದನು. ದೇವರಾಯನದುರ್ಗವು ಆಂಗ್ಲ ಅಧಿಕಾರಿಗಳ ಬೇಸಗೆಯ ತಂಗುದಾಣವಾಯಿತು. ಒಡೆಯರ ತರುವಾಯ ಬೆಟ್ಟದ ತಂಪನ್ನು ಅನುಭವಿಸಿದವರು, ರೈತರ ದಂಗೆಯ ಫಲವಾಗಿಯೇ ಅಧಿಕಾರಕ್ಕೆ ಬಂದವರು.

ಇನ್ನು ಬೆಟ್ಟದ ಬುಡದ ಹಳ್ಳಿಗಳೂ ಹೀಗೆ ನೇಗಿಲನ್ನು ತೂಗಹಾಕಿದ್ದುವೇ ಎಂಬ ವಿಷಯ. ಎಪಿಗ್ರಾಫಿಯಾ ಕರ್ನಾಟಿಕಾದ 12ನೆಯ ಸಂಪುಟದಲ್ಲಿ ತುಮಕೂರು ಜಿಲ್ಲೆಯ ಶಾಸನಗಳು ಸಂಕಲಿತವಾಗಿವೆ. ಶಾಸನವು ದಾನವನ್ನು ಹೇಳುವುದು, ಉಂಬಳಿಯನ್ನು ಹೇಳುವುದು, ಕಾಳಗದಲ್ಲಿ ಮಡಿದ ವೀರನನ್ನು ಹೇಳುವುದು. ತೆರಿಗೆ ಕೊಡೆನೆಂದವನ ಮಾತನ್ನು ಕಲ್ಲಿನಲ್ಲಿ ಕೆತ್ತಿಸುವವರು ಯಾರು? ಆ ಮಾತನ್ನು ಅರಸುವವರು ಶಾನುಭೋಗರ ಮನೆಗಳಲ್ಲಿ ಉಳಿದಿರಬಹುದಾದ ಕಡತಗಳನ್ನು ಬಿಚ್ಚಬೇಕು; ಯಾವ ವರ್ಷ ಯಾವ ಹೊಲ ಬೀಳು ಬಿದ್ದಿತೆಂಬ ಲೆಕ್ಕವನ್ನು, ಮಳೆಬೆಳೆಯ ಕೊರತೆಯನ್ನು ಬೇರೆಯಾಗಿ ಎಣಿಸಿ, ತಾಳ್ಮೆಯಿಂದ ಓದಬೇಕು.