ನೆಲಕ್ಕೆ ಬಂದ ಅತಿಥಿಗಳು

ಮುಧೋಳ ಸೀಮೆಯು ಕವಿಚಕ್ರವರ್ತಿ ರನ್ನನ ಜನ್ಮಭೂಮಿ. ತಿಮ್ಮಾಪುರದ ರೈತರ ಸಹಕಾರಿ ಸಕ್ಕರೆ ಕಾರ್ಖಾನೆಯ ನೆಲೆಗೆ ರನ್ನನಗರವೆಂಬ ಹೆಸರು ಬಂದುದು ಆತನ ಸ್ಮರಣೆಯಿಂದಲೇ. ಹತ್ತನೆಯ ಶತಮಾನದ ಆ ಮಹಾಕವಿಯು ಇಂದು ಈ ಹೊಲಗಳ ಬದುವಿನ ಮೇಲೆ ನಡೆದುಬಂದರೆ ಜೋಳ, ತೊಗರಿ, ಎಳ್ಳು, ಕಬ್ಬು, ಬದನೆಗಳನ್ನು ಒಡನೆಯೇ ಗುರುತಿಸಿಯಾನು. ಟೊಮ್ಯಾಟೊ, ಮೆಣಸಿನಕಾಯಿ, ಗೋವಿನಜೋಳ, ಶೇಂಗಾಗಳ ಮುಂದೆ ಮಾತ್ರ ಬೆರಗಾಗಿ ನಿಂತಾನು.

ಈ ನಾಲ್ಕೂ ಅಮೆರಿಕಾ ಖಂಡದ ಬೆಳೆಗಳು. 1492ರಲ್ಲಿ ಕೊಲಂಬಸನು ಆ ಖಂಡದ ದಾರಿಯನ್ನು ತೆರೆದ ಮೇಲೆಯೇ ಇವು ಹೊರ ಜಗತ್ತಿಗೆ ಪರಿಚಿತವಾದವು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ತುಗೀಜರು ಇಂಥ ಬೆಳೆಗಳಲ್ಲಿ ಹಲವನ್ನು ನಮ್ಮ ಪಶ್ಚಿಮ ಕರಾವಳಿಗೆ ತಂದರು. ಟೊಮ್ಯಾಟೊ ನಮ್ಮವರ ಅಡುಗೆಮನೆಯನ್ನು ಹೊಕ್ಕುದು ತಡವಾಗಿ. 19ನೆಯ ಶತಮಾನದಲ್ಲಿಯೂ ಅದನ್ನು ಮುಖ್ಯವಾಗಿ ಐರೋಪ್ಯರಿಗಾಗಿ ಬೆಳೆಯುತ್ತಿದ್ದರು.

ಹೊಸಬರನ್ನು ಹಳೆಯ ನಂಟಿನ ಹೆಸರಿನಿಂದ ಕರೆಯುವುದು ನಮ್ಮ ಜನರ ರೀತಿ. ಮೆಣಸಿನಂತೆ ಖಾರವಾದ ಕಾಯಿ ಮೆಣಸಿನಕಾಯಿಯಾಯಿತು. ಮೆಕ್ಕೆಯ ತೆನೆಗೂ ಜೋಳದ ಹೆಸರೇ ದೊರೆಯಿತು. ಕೆಲವೆಡೆ ಟೊಮ್ಯಾಟೊ ಚಪ್ಪರಬದನೆಯೆನಿಸಿತು. ಬದನೆಯೂ ಟೊಮ್ಯಾಟೊವೂ ಒಂದೇ ಕುಲದವೆಂದು ಸಸ್ಯಶಾಸ್ತ್ರವೂ ಒಪ್ಪುತ್ತದೆ.

ಬೀಜದಂತೆಯೇ ನೀರೂ ಈ ಸೀಮೆಯ ಬೆಳೆಗಳ ಇತಿಹಾಸವನ್ನು ಬದಲಿಸಿತು. ನೆರೆಯ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರೇ ಹಣ ಕೂಡಿಸಿ, ಶ್ರಮದಾನ ಮಾಡಿ, 1989ರಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದ ಸಾಹಸವು ಚಿರಸ್ಮರಣೀಯವಾದುದು. ಮಳೆಯ ದಾರಿ ಕಾಯುತ್ತಿದ್ದ ಎರೆಭೂಮಿಗೆ ಹೀಗೆ ನದಿಯ ನೀರು ಏರಿ ಬಂದಂತೆ, ಜೋಳದ ಹೊಲಗಳನ್ನು ಕಬ್ಬು ಆವರಿಸತೊಡಗಿತು. ಕೈಗೆ ಹಣವೂ ಬಂದಿತು.

ಆದರೆ ಎರೆಮಣ್ಣು ನೀರನ್ನು ಹಿಡಿದಿಡುವುದೇ ಹೊರತು ಸುಲಭವಾಗಿ ಬಸಿದುಬಿಡುವುದಿಲ್ಲ. ಅಳತೆಯಿಲ್ಲದೆ ನೀರು ಹಾಯಿಸಿದಾಗ ಅಂತರ್ಜಲವು ಬೇರಿನವರೆಗೆ ಏರುತ್ತದೆ. ಮೇಲೆ ಬಂದ ನೀರು ಬಿಸಿಲಿಗೆ ಆರಿ ಹೋಗಿ, ಅದರೊಡನೆ ಬಂದ ಲವಣವು ಮಣ್ಣಿನಲ್ಲಿ ಉಳಿಯುತ್ತದೆ. ಇದನ್ನೇ ರೈತರು ಸವಳು-ಜವಳು ಎನ್ನುವರು. ಬರದಲ್ಲಿಯೂ ಜೋಳ ಕೊಟ್ಟ ಹೊಲವು ನೀರಿನ ನಡುವೆ ಬಂಜೆಯಾಗುವುದೆಂದರೆ ಅದೆಂಥ ವಿಪರ್ಯಾಸ!

ಇಲ್ಲಿ ಆ ತಡವಾಗಿ ಬಂದ ಅತಿಥಿಯಿಂದ ಕಲಿಯುವುದುಂಟು. ಕಬ್ಬು ವರ್ಷವಿಡೀ ನೀರು ಬೇಡಿದರೆ, ಟೊಮ್ಯಾಟೊ ನಾಲ್ಕೈದು ತಿಂಗಳಲ್ಲಿ ಫಲವಿತ್ತು ಹೊಲವನ್ನು ಬಿಟ್ಟುಕೊಡುತ್ತದೆ. ಬೇರಿನಲ್ಲಿ ನೀರು ನಿಂತರೆ ಅದು ಬಾಡುತ್ತದೆ. ಬೇಸಗೆಯ ಉರಿಗೆ ಹೂ ಉದುರಿಸುತ್ತದೆ. ಮಳೆಗಾಲ ಮುಗಿಯುತ್ತಲೇ ನೆಟ್ಟು, ಹನಿ ನೀರಾವರಿಯಿಂದ ಬೆಳೆದರೆ ಒಲಿಯುತ್ತದೆ. ಬದನೆ, ಮೆಣಸಿನಕಾಯಿಗಳ ರೋಗಗಳು ಇದಕ್ಕೂ ತಗಲುವುದರಿಂದ ಅವುಗಳ ಹಿಂದೆಯೇ ಇದನ್ನು ಹಾಕದೆ, ನಡುವೆ ಜೋಳವನ್ನೋ ಕಡಲೆಯನ್ನೋ ಬಿತ್ತುವುದು ಲೇಸು. ಪೇಟೆಯ ಧಾರಣೆ ಏರಿಳಿಯುವುದರಿಂದ ಇದೊಂದನ್ನೇ ನೆಚ್ಚುವುದೂ ಸಲ್ಲದು.

ಬಂದ ಬೆಳೆಗಳನ್ನೆಲ್ಲ ಈ ನೆಲ ತನ್ನವಾಗಿಸಿಕೊಂಡಿದೆ. ಅತಿಥಿ ಸತ್ಕಾರವು ಧರ್ಮವೇ. ಆದರೆ ಸತ್ಕರಿಸುವ ಮನೆ ಉಳಿದರಲ್ಲವೇ ಆ ಧರ್ಮ ನಡೆಯುವುದು? ಬಸಿಗಾಲುವೆ ತೋಡುವುದು, ನೀರನ್ನು ಅಳೆದು ಹಾಯಿಸುವುದು, ಬೆಳೆಯನ್ನು ಬದಲಿಸುವುದು: ಇವು ಆ ಮನೆಯನ್ನು ಉಳಿಸಿಕೊಳ್ಳುವ ಕಾಯಕಗಳು.