ಎತ್ತಿಗೆ ಕೊಟ್ಟಿಗೆ ಇತ್ತು, ಕಾರಿಗೆ ಫುಟ್‌ಪಾತ್ ಸಿಕ್ಕಿತು

‘ಸಿಂಗಾಪುರಕ್ಕೆ ಹೋಗಿ ಬಂದೆ’ ಅಂದರೆ ನಮ್ಮೂರಲ್ಲಿ ಜನ ಒಂದು ಗಳಿಗೆ ನನ್ನ ಮುಖ ನೋಡುತ್ತಾರೆ. ಸುದ್ದಿಗೆ ಇಷ್ಟು ಅಂತ ಎಣಿಸಿ ದುಡ್ಡು ತಗೊಳ್ಳುವ ಸ್ಟ್ರಿಂಗರ್ ಯಾವಾಗ ವಿಮಾನ ಹತ್ತಿದ ಅಂತ. ನಾನು ಹೋಗುವುದು ಬೆಂಗಳೂರು ಉತ್ತರದ ಸಿಂಗಾಪುರಕ್ಕೆ. ವಿದ್ಯಾರಣ್ಯಪುರ, ಎಂ.ಎಸ್. ಪಾಳ್ಯಗಳ ಪಕ್ಕದಲ್ಲಿ, ಕೆರೆ ಇಟ್ಟುಕೊಂಡ ಹಳೇ ಹಳ್ಳಿ ಅದು. ಅಕ್ಕ ಭಾವ ಅಲ್ಲಿ ಮನೆ ಕಟ್ಟಿಕೊಂಡಿದ್ದಾರೆ.

ಈ ಸಲ ಹೋದಾಗ ಭಾವನ ತಾಯಿಯನ್ನು ಫಿಸಿಯೋಥೆರಪಿಗೆ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಅವರಿಗೆ ಪಾರ್ಶ್ವವಾಯು ಹೊಡೆದು ಎರಡು ವರ್ಷವಾಯಿತು. ವೀಲ್‌ಚೇರಿನಲ್ಲೇ ಓಡಾಟ. ಕ್ಲಿನಿಕ್ಕು ಅರ್ಧ ಕಿಲೋಮೀಟರೂ ಇಲ್ಲ. ಇಷ್ಟು ಹತ್ತಿರಕ್ಕೆ ಆಟೊದವರು ಬರುವುದಿಲ್ಲ. ತಳ್ಳಿಕೊಂಡೇ ಹೊರಟೆ.

ಫುಟ್‌ಪಾತ್ ಇತ್ತು. ಅದರ ಮೇಲೆ ಕಾರುಗಳೂ ಇದ್ದವು. ಕೆಲವು ಎರಡು ಗಾಲಿ ಮೇಲೆ, ಎರಡು ಗಾಲಿ ಕೆಳಗೆ. ಕೆಲವು ಪೂರ್ತಿ ಮೇಲೆ, ಗೋಡೆಗೆ ಒತ್ತಿಕೊಂಡು. ಒಂದಕ್ಕೆ ಕವರ್ ಹಾಕಿ ಹಗ್ಗ ಬಿಗಿದಿದ್ದರು, ತಿಂಗಳಿಂದ ಅಲ್ಲಾಡಿಲ್ಲ ಅನ್ನುವುದಕ್ಕೆ ಅದರ ಮೇಲಿನ ಎಲೆಗಳೇ ಸಾಕ್ಷಿ. ಪ್ರತಿ ಕಾರಿನ ಹತ್ತಿರ ವೀಲ್‌ಚೇರನ್ನು ಹಿಂದಕ್ಕೆ ತಿರುಗಿಸಿ, ಅಂಚುಗಲ್ಲಿನಿಂದ ಕೆಳಗಿಳಿಸಿ, ಟ್ಯಾಂಕರ್ ಹಾರ್ನು ಕೇಳುತ್ತ ರಸ್ತೆಯಲ್ಲಿ ತಳ್ಳಿ, ಮತ್ತೆ ಮೇಲೆ ಎತ್ತಬೇಕು. ನಾಲ್ಕೈದು ಸಲ ಎತ್ತಿದ ಮೇಲೆ ಅತ್ತೆಮ್ಮನೇ ಹೇಳಿದರು: ‘ರೋಡಲ್ಲೇ ತಳ್ಕೊಂಡು ಹೋಗಪ್ಪ. ಎತ್ತಿ ಇಳಿಸೋದ್ರಲ್ಲಿ ಸೊಂಟ ನೋವಾಗ್ತದೆ.’ ನಮ್ಮ ಮುಂದೆ ಒಬ್ಬ ಹೆಣ್ಣುಮಗಳು ಕೂಸನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ರಸ್ತೆಯಲ್ಲೇ ಹೋಗುತ್ತಿದ್ದರು. ಆಕೆ ಫುಟ್‌ಪಾತಿನ ಕಡೆ ತಿರುಗಿಯೂ ನೋಡಲಿಲ್ಲ.

ವಾಪಸ್ ಬಂದಾಗ ಮನೆ ಮುಂದಿನ ಫುಟ್‌ಪಾತ್ ಮೇಲೆ ನಿಂತಿದ್ದ ಕಾರು ನಮ್ಮ ಭಾವನದ್ದೇ.

ಆ ದಿನದಿಂದ ಈ ಫುಟ್‌ಪಾತ್ ಅನ್ನುವುದು ಎಲ್ಲಿಂದ ಬಂತು, ಯಾರದ್ದಾಗಿತ್ತು, ಯಾರ ಕೈಗೆ ಹೋಯಿತು ಅಂತ ಹುಡುಕುತ್ತಿದ್ದೇನೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಚರಂಡಿಯ ಮುಚ್ಚಳ

ನಡೆಯುವವರಿಗೆ ಬೇರೆ ದಾರಿ ಮಾಡುವುದು ಕಾರಿನ ಕಾಲದ ಯೋಚನೆಯಲ್ಲ. ಸುಮಾರು ಎರಡು ಸಾವಿರ ವರ್ಷದ ಹಿಂದೆ ಬೂದಿಯಡಿ ಹೂತುಹೋದ ಇಟಲಿಯ ಪಾಂಪೆ ಊರಲ್ಲಿ ರಸ್ತೆಯ ಎರಡೂ ಬದಿಗೆ ಎತ್ತರಿಸಿದ ಕಲ್ಲಿನ ಕಾಲುದಾರಿ ಈಗಲೂ ಕಾಣುತ್ತದೆ. ಬಂಡಿಗಳು ಕೆಳಗೆ, ಜನ ಮೇಲೆ. ಲಂಡನ್ನಿನಲ್ಲಿ 1760ರ ದಶಕದ ಕಾಯ್ದೆಗಳ ನಂತರ ಅಂಚುಗಲ್ಲು ಕೂರಿಸಿ ಕಾಲುದಾರಿ ಎತ್ತರಿಸುವುದು ರೂಢಿಗೆ ಬಂತು. 1835ರ ಹೆದ್ದಾರಿ ಕಾಯ್ದೆ ಕಾಲುದಾರಿಯ ಮೇಲೆ ಗಾಡಿ ಓಡಿಸುವುದನ್ನೇ ಅಪರಾಧ ಮಾಡಿತು. ಆಗ ಕಾರು ಇನ್ನೂ ಹುಟ್ಟಿರಲಿಲ್ಲ. ಕಾಯ್ದೆಯ ಕಣ್ಣಲ್ಲಿ ಇದ್ದದ್ದು ಕುದುರೆಗಾಡಿ.

ಬೆಂಗಳೂರಿಗೆ ಇದು ಬಂದದ್ದು ಎರಡು ದಾರಿಯಲ್ಲಿ. 1809ರಲ್ಲಿ ಶುರುವಾದ ದಂಡು ಪ್ರದೇಶದ ಅಗಲ ರಸ್ತೆಗಳು ಒಂದು. ಇನ್ನೊಂದು, 1898ರ ಪ್ಲೇಗಿನ ಆಸುಪಾಸಿನಲ್ಲಿ ಬೆಳೆದ ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳು. ಪೇಟೆಯ ಇಕ್ಕಟ್ಟಿನಲ್ಲಿ ಕಾಯಿಲೆ ಹರಡುತ್ತದೆ, ಗಾಳಿ ಬೆಳಕು ಬೇಕು, ನೀರು ನಿಲ್ಲಬಾರದು ಅನ್ನುವುದು ಆ ಬಡಾವಣೆಗಳ ಹಿಂದಿನ ಲೆಕ್ಕ. ನೀರು ನಿಲ್ಲಬಾರದು ಅಂದರೆ ರಸ್ತೆ ಬದಿಗೆ ಚರಂಡಿ ಬೇಕು. ಚರಂಡಿಗೆ ಯಾರೂ ಬೀಳಬಾರದು ಅಂದರೆ ಮೇಲೆ ಚಪ್ಪಡಿ ಬೇಕು. ಈಗಲೂ ಬೆಂಗಳೂರಿನ ಬಹುಪಾಲು ಬಡಾವಣೆಗಳಲ್ಲಿ ನಾವು ಫುಟ್‌ಪಾತ್ ಅನ್ನುವುದು ಈ ಚಪ್ಪಡಿಯನ್ನೇ, ಅಂದರೆ ಮಳೆನೀರು ಚರಂಡಿಯ ಮುಚ್ಚಳವನ್ನು.

ಈ ಹುಟ್ಟಿನ ಗುಟ್ಟು ಗೊತ್ತಾದರೆ ಮುಂದಿನದು ಅರ್ಥವಾಗುತ್ತದೆ. ಚಪ್ಪಡಿ ಹಾಕಿದ್ದು ಮನುಷ್ಯರ ಭಾರ ಹೊರಲಿ ಅಂತ. ಟನ್ನಿನ ಆಸುಪಾಸು ತೂಗುವ ಕಾರು ದಿನಾ ಹತ್ತಿ ಇಳಿದರೆ ಅದು ಬಿರುಕು ಬಿಡುತ್ತದೆ, ಒಂದು ಮೂಲೆ ಕುಸಿಯುತ್ತದೆ. ಕಾರು ಹೋದ ಮೇಲೂ ಅಲ್ಲಿ ವೀಲ್‌ಚೇರ್ ಹೋಗುವುದಿಲ್ಲ. ಗಾಡಿ ನಿಲ್ಲಿಸಿದವರು ಜಾಗ ಬಿಟ್ಟುಕೊಟ್ಟರೂ ದಾರಿ ವಾಪಸ್ ಬರುವುದಿಲ್ಲ.

ಕೊಟ್ಟಿಗೆ ಮತ್ತು ದೊಡ್ಡಿ

ಸಿಂಗಾಪುರದಂಥ ಹಳ್ಳಿಯಲ್ಲಿ ಫುಟ್‌ಪಾತ್ ಇರಲಿಲ್ಲ, ಬೇಕೂ ಇರಲಿಲ್ಲ. ಬೀದಿಯೇ ನಡೆಯುವ ಜಾಗ. ಜಗುಲಿ ಮನೆಯವರದ್ದು, ಬೀದಿ ಎಲ್ಲರದ್ದು. ಹಳ್ಳಿಯಲ್ಲಿ ಬೆಳೆದ ನಮಗೆಲ್ಲ ಗೊತ್ತಿರುವ ಒಂದು ಕಟ್ಟಳೆ ಇತ್ತು. ಎತ್ತು ಕೊಳ್ಳುವವನು ಮೊದಲು ಕೊಟ್ಟಿಗೆ ನೋಡಿಕೊಳ್ಳುತ್ತಿದ್ದ. ಕಟ್ಟಲು ಜಾಗವಿಲ್ಲದವನು ಜೋಡಿ ಎತ್ತಿನ ಆಸೆ ಬಿಡುತ್ತಿದ್ದ. ಗಾಡಿಯ ಮೂಕಿ ಬೀದಿಗೆ ಚಾಚಿದರೆ ಪಕ್ಕದ ಮನೆಯ ಅಜ್ಜಿ ಬೈದೇ ಬೈಯುತ್ತಿದ್ದಳು.

ಬೈಗುಳಕ್ಕೆ ಬಗ್ಗದವರಿಗೆ ದೊಡ್ಡಿ ಇತ್ತು. ಇನ್ನೊಬ್ಬರ ಹೊಲಕ್ಕೆ ನುಗ್ಗಿದ ದನವನ್ನು ಹಿಡಿದು ದೊಡ್ಡಿಗೆ ಕಟ್ಟುವುದು, ದಂಡ ಕಟ್ಟಿದ ಮೇಲೆ ಒಡೆಯ ಬಿಡಿಸಿಕೊಂಡು ಹೋಗುವುದು. ಬ್ರಿಟಿಷ್ ಇಂಡಿಯಾದಲ್ಲಿ 1871ರಲ್ಲೇ ಇದಕ್ಕೆ ಕಾಯ್ದೆ ಇತ್ತು. ನಮ್ಮ ರಾಜ್ಯ 1966ರಲ್ಲಿ ತನ್ನದೇ ಜಾನುವಾರು ಅತಿಕ್ರಮ ಕಾಯ್ದೆ ಮಾಡಿತು. ಟೋಯಿಂಗ್ ಅನ್ನುವುದು ಪೇಟೆಯವರು ಹೊಸದಾಗಿ ಕಂಡುಹಿಡಿದದ್ದಲ್ಲ ಅನ್ನುವುದಕ್ಕೆ ಇದನ್ನು ಹೇಳಿದೆ.

ಸ್ವಾತಂತ್ರ್ಯದ ನಂತರ ಈ ಭಾಗದ ಚಹರೆ ಬದಲಿಸಿದ್ದು ಕಾರ್ಖಾನೆಗಳು. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಜಾಲಹಳ್ಳಿ ಕಡೆ ನೆಲೆಯೂರಿದವು. ಅದರ ಬೆನ್ನಿಗೆ ನೌಕರರ ಬಡಾವಣೆಗಳು ಬಂದವು. ಭಾವನ ತಂದೆಯವರು ಆ ಕಡೆಯ ಒಂದು ಕಾರ್ಖಾನೆಯಲ್ಲಿ ಇದ್ದವರು. ಅತ್ತೆಮ್ಮ ಹೇಳುತ್ತಾರೆ: ‘ಅವರು ಸೈಕಲ್ಲನ್ನ ರಾತ್ರಿ ಹೊರಗೆ ಬಿಟ್ಟೋರೇ ಅಲ್ಲ. ನಡುಮನೇಲಿ ಗೋಡೆಗೆ ಒರಗಿಸ್ತಿದ್ರು. ಅದರ ಪಕ್ಕದಲ್ಲೇ ಮಕ್ಕಳ ಹಾಸಿಗೆ.’ ತನ್ನ ಗಾಡಿ ತನ್ನ ಮನೆಯೊಳಗೆ. ಕೊಟ್ಟಿಗೆಯ ಕಟ್ಟಳೆ ಆಗಲೂ ಉಳಿದಿತ್ತು.

ಗಾಡಿ ಬಂತು, ಜಾಗ ಬರಲಿಲ್ಲ

1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿಯಿತು. ಮಧ್ಯಮ ವರ್ಗದವರ ಮನೆಗೆ ಕಾರು ಬರುವ ಕಾಲ ಶುರುವಾದದ್ದು ಅಲ್ಲಿಂದ. 1991ರ ನಂತರ ಬ್ಯಾಂಕ್ ಸಾಲ ಸಲೀಸಾಯಿತು, ಐಟಿ ಸಂಬಳ ಬಂತು. ಆದರೆ ಸೈಟಿನ ಅಳತೆ ಅದೇ 30-40, ಇಲ್ಲವೇ 20-30. ನಗರದ ಅಂಚಿನ ಹಳ್ಳಿಗಳಲ್ಲಿ ರೆವಿನ್ಯೂ ಜಮೀನನ್ನು ತುಂಡು ಮಾಡಿ ಮಾರಿದ ಕಡೆ ರಸ್ತೆಗೆ ಬಿಟ್ಟ ಜಾಗವೇ ಕಡಿಮೆ. ರಸ್ತೆಯೇ ಕಿರಿದಾದ ಮೇಲೆ ಫುಟ್‌ಪಾತಿಗೆ ಯಾರು ಜಾಗ ಬಿಡುತ್ತಾರೆ?

2007ರಲ್ಲಿ 7 ನಗರಸಭೆ, 1 ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಆಯಿತು. ಯಲಹಂಕ, ಬ್ಯಾಟರಾಯನಪುರದ ಕಡೆಯೆಲ್ಲ ಬೆಂಗಳೂರಾದದ್ದು ಆಗಲೇ. ಮರುವರ್ಷ, 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಉತ್ತರದ ಭೂಮಿಗೆ ರೆಕ್ಕೆ ಬಂತು. ಹಳ್ಳಿಯ ಬೀದಿಯ ಅಗಲದಲ್ಲಿ ನಾಲ್ಕಂತಸ್ತಿನ ಮನೆಗಳೆದ್ದವು. ಒಂದು ಮನೆಯಿದ್ದ ಕಡೆ ಆರು ಮನೆ, ಆರು ಮನೆಗೆ ನಾಲ್ಕು ಕಾರು, ಎಂಟು ಬೈಕು. ಇಡೀ ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಈಗ ಒಂದು ಕೋಟಿ ದಾಟಿವೆ.

ಪ್ಲಾನಿನಲ್ಲಿ ಕಾರಿಗೆ ಜಾಗ ತೋರಿಸಲೇಬೇಕು ಅನ್ನುವ ನಿಯಮ ಕಟ್ಟಡದ ಬೈಲಾದಲ್ಲಿ ಇದೆ. ತೋರಿಸುತ್ತಾರೆ ಕೂಡ. ಮನೆ ಮುಗಿದ ಮೇಲೆ ಆ ಜಾಗಕ್ಕೆ ಗೋಡೆ ಬರುತ್ತದೆ, ಶಟರ್ ಬರುತ್ತದೆ, ಅಂಗಡಿಯೋ ಬಾಡಿಗೆ ಮನೆಯೋ ಆಗುತ್ತದೆ. ಒಳಗೆ ಹೋಗಬೇಕಿದ್ದ ಕಾರು ಹೊರಗೆ ಬರುತ್ತದೆ. ರಸ್ತೆಯಲ್ಲಿ ನಿಲ್ಲಿಸಿದರೆ ಟ್ಯಾಂಕರ್‌ನವನು ಉಜ್ಜಿಕೊಂಡು ಹೋಗುತ್ತಾನೆ. ಫುಟ್‌ಪಾತ್ ಮೇಲೆ ಹತ್ತಿಸಿದರೆ ಕಾರು ಕ್ಷೇಮ. ಅಂದರೆ ರಸ್ತೆಯ ಅಪಾಯವನ್ನು ಕಾರಿನಿಂದ ತೆಗೆದು ನಡೆಯುವವರ ಮೇಲೆ ಹಾಕಿದ ಹಾಗಾಯಿತು.

ಕಾಗದದ ಮೇಲೆ ಎಲ್ಲವೂ ಇದೆ

ಕಾನೂನು ಇಲ್ಲ ಅಂದುಕೊಂಡಿದ್ದರೆ ಅದು ತಪ್ಪು. 1988ರ ಮೋಟಾರು ವಾಹನ ಕಾಯ್ದೆಯ ಕೆಳಗೆ 1989ರಲ್ಲಿ ಬಂದ ರಸ್ತೆ ನಿಯಮಗಳಲ್ಲೇ ಫುಟ್‌ಪಾತ್ ಮೇಲೆ ಗಾಡಿ ನಿಲ್ಲಿಸಬಾರದು ಅಂತ ಬರೆದಿದೆ. 2017ರಲ್ಲಿ ಆ ನಿಯಮಗಳ ಜಾಗಕ್ಕೆ ಹೊಸವು ಬಂದಾಗಲೂ ಈ ಮಾತು ಬಿಟ್ಟುಹೋಗಲಿಲ್ಲ. ಮೂಲ ಕಾಯ್ದೆಯಲ್ಲಿ ಇಂಥ ಸಾಮಾನ್ಯ ತಪ್ಪಿಗೆ ಇದ್ದ ದಂಡ ಮೊದಲ ಸಲಕ್ಕೆ ಹೆಚ್ಚೆಂದರೆ 100 ರೂಪಾಯಿ, ಆಮೇಲೆ 300. 2019ರ ತಿದ್ದುಪಡಿ ಅದನ್ನು 500 ಮತ್ತು 1500ಕ್ಕೆ ಏರಿಸಿತು. ಮೂವತ್ತು ವರ್ಷ ದಂಡ ನೂರರಲ್ಲೇ ನಿಂತಿತ್ತು ಅನ್ನುವುದನ್ನು ಗಮನಿಸಿ. ಅಷ್ಟರಲ್ಲಿ ಸೈಟಿನ ಬೆಲೆ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಲೆಕ್ಕ ಹಾಕಿ.

ಅಂಗವಿಕಲರ 1995ರ ಕಾಯ್ದೆ ಫುಟ್‌ಪಾತಿಗೆ ವೀಲ್‌ಚೇರ್ ಹತ್ತುವಂತೆ ಇಳಿಜಾರು ಮಾಡಬೇಕು ಅಂದಿತು. 2016ರ ಹೊಸ ಕಾಯ್ದೆ ಈ ಹಕ್ಕನ್ನು ಇನ್ನಷ್ಟು ಗಟ್ಟಿ ಮಾಡಿತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಫುಟ್‌ಪಾತಿಗೆ ಅಡ್ಡಿಯಿಲ್ಲದ 1.8 ಮೀಟರ್ ಅಗಲ ಕನಿಷ್ಠ ಬೇಕು ಅನ್ನುತ್ತದೆ. ಅಂದರೆ ಹೆಚ್ಚುಕಡಿಮೆ ಆರು ಅಡಿ, ಎದುರುಬದುರು ಬಂದ ಎರಡು ವೀಲ್‌ಚೇರ್ ದಾಟಿಕೊಳ್ಳುವಷ್ಟು. ಸಣ್ಣ ಕಾರಿನ ಅಗಲ ಐದು ಅಡಿಯ ಆಸುಪಾಸು. ದೊಡ್ಡದರದ್ದು ಆರಕ್ಕೆ ಹತ್ತಿರ. ಅಳತೆ ನೋಡಿದರೆ ಕಾರಿಗೇ ಹೊಲಿಸಿದ ಅಂಗಿಯ ಹಾಗಿದೆ.

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಒಂದು ಹೆಜ್ಜೆ ಮುಂದೆ ಹೋಯಿತು. ಅಡ್ಡಿಯಿಲ್ಲದ ಫುಟ್‌ಪಾತ್ ಬಳಸುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲೇ ಸೇರಿದೆ, ಅಂಗವಿಕಲರಿಗೂ ಅದು ಬಳಕೆಗೆ ಬರುವಂತಿರಬೇಕು ಅಂತ ಹೇಳಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು. ಬೋರ್ಡು ಬದಲಾಯಿತು. ಫುಟ್‌ಪಾತ್ ಮೇಲಿನ ಕಾರು ಬದಲಾಗಲಿಲ್ಲ.

ಇನ್ನು ನಮ್ಮ ಹೊಸ ದೊಡ್ಡಿಯ ಕತೆ. ಟೋಯಿಂಗ್ ಸಿಬ್ಬಂದಿಯ ಒರಟುತನದ ಬಗ್ಗೆ ದೂರುಗಳು ಜೋರಾಗಿ 2022ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಅದನ್ನು ನಿಲ್ಲಿಸಿದರು. ದೂರುಗಳು ಸುಳ್ಳಲ್ಲ. ಆದರೆ ದೊಡ್ಡಿ ಕಾಯುವವನು ಕೆಟ್ಟವನಾದರೆ ಅವನನ್ನು ಬದಲಿಸಬೇಕು, ದೊಡ್ಡಿ ಮುಚ್ಚಿದರೆ ಹೊಲದವನ ಗತಿಯೇನು? ಇಲ್ಲಿ ಹೊಲದವನು ಅಂದರೆ ನಡೆಯುವವನು. ಅವನ ದೂರು ಜೋರಾಗಿ ಕೇಳಿಸಲಿಲ್ಲ.

ಬೇರೆಯವರು ಏನು ಮಾಡಿದರು

ಜಪಾನ್ 1962ರಲ್ಲಿ ಒಂದು ಕಾಯ್ದೆ ಮಾಡಿತು. ಕಾರು ಕೊಳ್ಳುವವರು ಅದನ್ನು ನಿಲ್ಲಿಸಲು ಜಾಗ ಇದೆ ಅಂತ ಪೊಲೀಸರಿಂದ ಪತ್ರ ತರಬೇಕು. ಓದಿದಾಗ ನನಗೆ ನಗು ಬಂತು. ನಮ್ಮ ಅಜ್ಜಂದಿರ ಕೊಟ್ಟಿಗೆ ಲೆಕ್ಕವೇ ಇದು. ಲಂಡನ್ನಿನಲ್ಲಿ 1974ರಿಂದಲೂ ಫುಟ್‌ಪಾತ್ ಪಾರ್ಕಿಂಗಿಗೆ ನಿಷೇಧವಿದೆ. ಸ್ಕಾಟ್ಲೆಂಡ್ 2019ರಲ್ಲಿ ಕಾಯ್ದೆ ಮಾಡಿ 2023ರ ಡಿಸೆಂಬರಿನಿಂದ ಜಾರಿಗೆ ತಂದಿತು. ವಿಮಾನ ಹತ್ತಿ ಹೋಗುವ ಆ ಇನ್ನೊಂದು ಸಿಂಗಪುರ 1990ರಿಂದ ಕಾರಿನ ಸಂಖ್ಯೆಗೇ ಮಿತಿ ಹಾಕಿದೆ, ಅಲ್ಲಿ ಕಾರು ಇಟ್ಟುಕೊಳ್ಳುವ ಹಕ್ಕನ್ನು ಹತ್ತು ವರ್ಷದ ಮಟ್ಟಿಗೆ ಹರಾಜಿನಲ್ಲಿ ಕೊಳ್ಳಬೇಕು. ನಮ್ಮಲ್ಲೂ ಜಾಗ ತೋರಿಸಿದರೇ ಕಾರು ಅನ್ನುವ ಮಾತು ಆಗಾಗ ಎದ್ದು ಮಲಗಿದೆ. 2021ರಲ್ಲಿ ಸರ್ಕಾರ ಒಪ್ಪಿದ ಬೆಂಗಳೂರಿನ ಪಾರ್ಕಿಂಗ್ ನೀತಿಯಲ್ಲಿ ಮನೆ ಮುಂದಿನ ರಸ್ತೆಯಲ್ಲಿ ಗಾಡಿ ನಿಲ್ಲಿಸಲು ಶುಲ್ಕದ ಪರ್ಮಿಟ್ ಪಡೆಯುವ ಯೋಚನೆ ಇದೆ. ಅದಿನ್ನೂ ಸಿಂಗಾಪುರದ ಬೀದಿಗೆ ಬಂದಿಲ್ಲ.

ಮನೆಯೊಳಗಿನ ಲೆಕ್ಕ

ಆ ರಾತ್ರಿ ಊಟಕ್ಕೆ ಕೂತಾಗ ಭಾವನಿಗೆ ಹೇಳಿಯೇಬಿಟ್ಟೆ. ‘ಭಾವ, ಅತ್ತೆಮ್ಮನ ವೀಲ್‌ಚೇರಿಗೆ ಮೊದಲು ಅಡ್ಡ ಬರೋದು ನಿಮ್ಮ ಕಾರೇ.’

ಅಕ್ಕ ತಟ್ಟೆ ನೋಡಿದಳು. ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಕೆಳಗಿನ ಪಾರ್ಕಿಂಗ್ ಜಾಗ ಮುಚ್ಚಿ ರೂಮು ಮಾಡಿದ್ದು ಗೊತ್ತಲ್ಲ ನಿಂಗೆ. ಆ ಬಾಡಿಗೇಲೇ ಅಮ್ಮನ ಫಿಸಿಯೋಥೆರಪಿ ಬಿಲ್ಲು ಕಟ್ಟೋದು. ಅವರನ್ನ ಬಿಡಿಸಿ ಕಾರು ಒಳಗೆ ಹಾಕಲಾ? ಹೇಳು,’ ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಬೀದಿಯ ಪ್ರತಿ ಮನೆಯಲ್ಲೂ ಇಂಥದೇ ಒಂದು ಲೆಕ್ಕ ಇರಬಹುದು. ಯಾರೂ ದುಷ್ಟರಲ್ಲ. ಒಬ್ಬೊಬ್ಬರೂ ತಮ್ಮ ಮನೆಯ ಒಂದು ಖರ್ಚನ್ನು ಫುಟ್‌ಪಾತಿನ ಮೇಲೆ ತಂದಿಟ್ಟಿದ್ದಾರೆ, ಅಷ್ಟೇ. ಅದಕ್ಕೇ ಇದನ್ನು ಒಳ್ಳೆಯ ಬುದ್ಧಿಗೆ ಬಿಟ್ಟರೆ ಆಗುವುದಿಲ್ಲ. ಕೊಟ್ಟಿಗೆಯ ಕಟ್ಟಳೆ ಉಳಿದದ್ದು ಅಜ್ಜಿಯ ಬೈಗುಳ ಮತ್ತು ದೊಡ್ಡಿ ಎರಡೂ ಇದ್ದದ್ದರಿಂದ. ಎಲ್ಲರಿಗೂ ಒಂದೇ ದಿನ, ಒಂದೇ ನಿಯಮ ಬಂದರೆ ಭಾವನೂ ಕಾರು ಇಳಿಸುತ್ತಾರೆ. ಒಬ್ಬರೇ ಇಳಿಸಿದರೆ ಆ ಜಾಗದಲ್ಲಿ ಬೆಳಗಾಗುವುದರೊಳಗೆ ಪಕ್ಕದ ಮನೆಯವರ ಕಾರು ನಿಂತಿರುತ್ತದೆ.

ಮರುದಿನ ಬೆಳಿಗ್ಗೆ ನಾನು ಬಸ್ಸಿಗೆ ಹೊರಡುವಾಗ ಭಾವ ಕಾರನ್ನು ಕೆಳಗಿಳಿಸಿ, ಗೇಟಿನ ಮುಂದೆ ರಸ್ತೆಯಲ್ಲೇ ಆದಷ್ಟು ಅಂಚಿಗೆ ನಿಲ್ಲಿಸಿದ್ದರು. ಚಪ್ಪಡಿಯ ಒಂದು ಮೂಲೆ ಒಡೆದು ಚರಂಡಿಗೆ ಬಾಗಿತ್ತು. ಅಕ್ಕ ಅದರ ಮೇಲೆ ಒಂದು ಹಳೇ ಹಲಗೆ ಹಾಕುತ್ತಿದ್ದಳು. ವೀಲ್‌ಚೇರ್ ಹೋಗುವಷ್ಟು ಅಗಲ ಇದೆಯಾ ಅಂತ ಅತ್ತೆಮ್ಮ ಬಾಗಿಲಲ್ಲಿ ಕೂತು ನೋಡುತ್ತಿದ್ದರು. ಅವರ ಮನೆಯ ಮುಂದೆ ಇಪ್ಪತ್ತು ಅಡಿ ದಾರಿ ತೆರವಾಗಿತ್ತು. ಆಮೇಲೆ ಪಕ್ಕದ ಮನೆಯ ಕಾರು.