ಹಬಲ್ ಬಾಹ್ಯಾಕಾಶ ದೂರದರ್ಶಕ: ವಿಶ್ವಕಥನದ ಪಾಠಾಂತರಗಳು ಮತ್ತು ಅಳತೆ

ಆಕಾಶವನ್ನು ಕುರಿತು ಕಥನ ಕಟ್ಟಿಕೊಳ್ಳದ ಸಮುದಾಯ ವಿರಳ. ಕರ್ನಾಟಕದ ರೈತಾಪಿ ಜನ ಮಳೆಗಾಲವನ್ನು ರೋಹಿಣಿ, ಮೃಗಶಿರ, ಆರಿದ್ರೆ ಮಳೆಗಳ ಹೆಸರಿನಲ್ಲಿ ಎಣಿಸುತ್ತ ಬಂದಿರುವುದು ನಕ್ಷತ್ರಲೋಕವನ್ನು ಬೇಸಾಯದ ಬದುಕಿಗೆ ಹೊಂದಿಸಿಕೊಂಡ ಒಂದು ಕ್ರಮವಾಗಿದೆ. ಇಂತಹ ಪರಂಪರೆಗಳನ್ನು ಅಭ್ಯಾಸ ಮಾಡುವ ಜಾನಪದ ಅಧ್ಯಯನಕಾರರಿಗೆ ಪಾಠಾಂತರವೆಂಬ ಪರಿಕಲ್ಪನೆ ಚಿರಪರಿಚಿತವಾದುದು. ಒಂದೇ ಕಥೆ ಊರಿಂದ ಊರಿಗೆ, ವಕ್ತೃವಿನಿಂದ ವಕ್ತೃವಿಗೆ ಬೇರೆ ರೂಪ ತಾಳುತ್ತದೆ. ಅವುಗಳಲ್ಲಿ ಯಾವುದು ಸರಿ ಎಂದು ಯಾರೂ ತೀರ್ಪು ಕೊಡುವುದಿಲ್ಲ. ಪ್ರತಿ ಪಾಠವೂ ತನ್ನ ಸಂದರ್ಭದಲ್ಲಿ ಸಾಧುವೇ.

ಆಧುನಿಕ ಖಗೋಳವಿಜ್ಞಾನವೂ ವಿಶ್ವದ ಕಥನವನ್ನೇ ಹೇಳುತ್ತದೆ. ಅಲ್ಲಿಯೂ ಪಾಠಾಂತರಗಳು ಹುಟ್ಟುತ್ತವೆ. ಆದರೆ ಅಲ್ಲಿ ಎರಡು ಪಾಠಗಳು ಶಾಶ್ವತವಾಗಿ ಜೊತೆಯಲ್ಲಿ ಬಾಳುವಂತಿಲ್ಲ. ಅಳತೆಯ ಮುಂದೆ ಒಂದು ಉಳಿಯಬೇಕು, ಇಲ್ಲವೆ ಎರಡೂ ತಿದ್ದುಪಡಿಗೊಳ್ಳಬೇಕು. ೧೯೯೦ರಿಂದ ಭೂಮಿಯನ್ನು ಸುತ್ತುತ್ತಿರುವ ಹಬಲ್ ಬಾಹ್ಯಾಕಾಶ ದೂರದರ್ಶಕದ ಚರಿತ್ರೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಿನ್ನೆಲೆ

ದೂರದರ್ಶಕಕ್ಕೆ ಹೆಸರು ಕೊಟ್ಟ ಎಡ್ವಿನ್ ಹಬಲ್ ೧೯೨೩ರಲ್ಲಿ ಆಂಡ್ರೊಮಿಡಾ ನೀಹಾರಿಕೆಯಲ್ಲಿ ಸೀಫಿಡ್ ವರ್ಗದ ಒಂದು ನಕ್ಷತ್ರವನ್ನು ಗುರುತಿಸಿದರು. ಈ ನಕ್ಷತ್ರಗಳ ಬೆಳಕು ನಿಯತ ಅವಧಿಯಲ್ಲಿ ಏರಿಳಿಯುತ್ತದೆ. ಏರಿಳಿತದ ಅವಧಿಗೂ ನಿಜವಾದ ಪ್ರಕಾಶಕ್ಕೂ ಸಂಬಂಧವಿದೆಯೆಂಬುದನ್ನು ಹೆನ್ರಿಯೆಟಾ ಲೆವಿಟ್ ೧೯೧೨ರ ವೇಳೆಗೆ ತೋರಿಸಿಕೊಟ್ಟಿದ್ದರು. ಆದ್ದರಿಂದ ಸೀಫಿಡ್ ನಕ್ಷತ್ರ ದೂರವನ್ನಳೆಯುವ ದೀಪವಾಯಿತು. ಆಂಡ್ರೊಮಿಡಾ ನಮ್ಮ ಆಕಾಶಗಂಗೆಯ ಆಚೆಗಿರುವ ಪ್ರತ್ಯೇಕ ಗೆಲಾಕ್ಸಿಯೆಂಬುದು ಸ್ಥಿರಪಟ್ಟಿತು. ದೂರದ ಗೆಲಾಕ್ಸಿಗಳು ಹೆಚ್ಚು ವೇಗವಾಗಿ ಹಿಂದೆ ಸರಿಯುತ್ತಿವೆಯೆಂಬ ಹಬಲ್ ಅವರ ೧೯೨೯ರ ಪ್ರಬಂಧ ವಿಶ್ವದ ಹಿಗ್ಗುವಿಕೆಗೆ ಪ್ರಮುಖ ಆಧಾರವಾಯಿತು. ಬೆಲ್ಜಿಯಮ್ಮಿನ ಜಾರ್ಜ್ ಲಮೇತ್ರ್ ೧೯೨೭ರಲ್ಲಿಯೇ ಈ ನಿಲುವನ್ನು ಮಂಡಿಸಿದ್ದರೆಂಬುದನ್ನೂ ಇಲ್ಲಿ ನೆನೆಯಬೇಕು.

ಆದರೆ ಮೊದಲ ಅಳತೆಯಲ್ಲಿ ಒಂದು ತೊಡಕಿತ್ತು. ೧೯೨೯ರ ಹಿಗ್ಗುವಿಕೆಯ ದರವನ್ನು ಒಪ್ಪಿದರೆ ವಿಶ್ವದ ವಯಸ್ಸು ಸುಮಾರು ೨೦೦ ಕೋಟಿ ವರ್ಷವೆಂದಾಗುತ್ತಿತ್ತು. ಭೂಮಿಯ ವಯಸ್ಸೇ ಅದಕ್ಕಿಂತ ಹೆಚ್ಚೆಂದು ಶಿಲೆಗಳು ಹೇಳತೊಡಗಿದ್ದವು. ೧೯೫೨ರಲ್ಲಿ ವಾಲ್ಟರ್ ಬಾಡೆ ಸೀಫಿಡ್‌ಗಳಲ್ಲಿ ಎರಡು ವರ್ಗಗಳಿರುವುದನ್ನು ತೋರಿಸಿದ ಮೇಲೆ ದೂರಗಳು ಇಮ್ಮಡಿಯಾದವು. ಆದರೂ ೧೯೮೦ರ ದಶಕದವರೆಗೆ ವಿದ್ವಾಂಸರಲ್ಲಿ ಎರಡು ಪಂಥಗಳು ಉಳಿದುಕೊಂಡವು. ಹಿಗ್ಗುವಿಕೆಯ ದರ ಪ್ರತಿ ಮೆಗಾಪಾರ್ಸೆಕ್‌ಗೆ, ಅಂದರೆ ಸುಮಾರು ೩೨.೬ ಲಕ್ಷ ಜ್ಯೋತಿರ್ವರ್ಷಗಳ ದೂರಕ್ಕೆ, ಸೆಕೆಂಡಿಗೆ ೫೦ ಕಿ.ಮೀ. ಎಂದು ಒಂದು ಪಂಥ, ೧೦೦ ಕಿ.ಮೀ. ಎಂದು ಇನ್ನೊಂದು. ಇದರಿಂದ ವಿಶ್ವದ ವಯಸ್ಸು ಸುಮಾರು ೧೦೦೦ ಕೋಟಿ ವರ್ಷದಿಂದ ೨೦೦೦ ಕೋಟಿ ವರ್ಷದವರೆಗೆ ತೂಗಾಡುತ್ತಿತ್ತು.

ಈ ವಿವಾದ ತೀರಬೇಕಾದರೆ ದೂರದ ಗೆಲಾಕ್ಸಿಗಳಲ್ಲಿಯೂ ಸೀಫಿಡ್‌ಗಳನ್ನು ಬಿಡಿಬಿಡಿಯಾಗಿ ನೋಡುವುದು ಅಗತ್ಯವಾಗಿತ್ತು. ಭೂಮಿಯ ವಾತಾವರಣ ಅದಕ್ಕೆ ಅಡ್ಡಿ. ಕಲಕುವ ಗಾಳಿ ಬಿಂಬವನ್ನು ಮಸುಕುಗೊಳಿಸುತ್ತದೆ, ಅತಿನೇರಳೆ ಕಿರಣಗಳ ಬಹುಭಾಗವನ್ನು ತಡೆಯುತ್ತದೆ. ವಾತಾವರಣದ ಮೇಲೊಂದು ವೀಕ್ಷಣಾಲಯವಿದ್ದರೆ ಆಗುವ ಪ್ರಯೋಜನವನ್ನು ಲೈಮನ್ ಸ್ಪಿಟ್ಜರ್ ೧೯೪೬ರಲ್ಲಿಯೇ ವಿವರಿಸಿದ್ದರು. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದಲ್ಲಿ ನ್ಯಾನ್ಸಿ ಗ್ರೇಸ್ ರೋಮನ್ ಅವರ ಪರಿಶ್ರಮದಿಂದ ಆ ಆಲೋಚನೆ ಯೋಜನೆಯ ರೂಪ ಪಡೆಯಿತು. ೧೯೭೭ರಲ್ಲಿ ಅಮೆರಿಕದ ಸಂಸತ್ತು ಹಣ ಮಂಜೂರು ಮಾಡಿತು. ಯುರೋಪಿನ ಬಾಹ್ಯಾಕಾಶ ಸಂಸ್ಥೆಯೂ ಕೈಜೋಡಿಸಿತು.

ದೋಷ ಮತ್ತು ದುರಸ್ತಿ

೧೯೮೬ರ ಚಾಲೆಂಜರ್ ದುರಂತದಿಂದ ಉಡಾವಣೆ ಮುಂದೆ ಹೋಗಿ, ೧೯೯೦ರ ಏಪ್ರಿಲ್ ೨೪ರಂದು ಡಿಸ್ಕವರಿ ನೌಕೆ ದೂರದರ್ಶಕವನ್ನು ಹೊತ್ತೊಯ್ದಿತು. ಕೆಲವೇ ವಾರಗಳಲ್ಲಿ ಆಘಾತಕಾರಿ ಸಂಗತಿ ಬೆಳಕಿಗೆ ಬಂದಿತು. ೨.೪ ಮೀಟರ್ ವ್ಯಾಸದ ಮುಖ್ಯ ಕನ್ನಡಿಯ ಅಂಚು ಕೂದಲಿನ ದಪ್ಪದ ಐವತ್ತರಲ್ಲೊಂದು ಭಾಗದಷ್ಟು ಹೆಚ್ಚು ಚಪ್ಪಟೆಯಾಗಿತ್ತು. ಅಷ್ಟರಿಂದಲೇ ಬಿಂಬಗಳು ಮಸುಕಾದವು.

ದೋಷದ ಮೂಲ ವಿಚಾರಾರ್ಹವಾದುದು. ಕನ್ನಡಿಯ ಆಕಾರವನ್ನು ಪರೀಕ್ಷಿಸುವ ಉಪಕರಣದಲ್ಲಿಯೇ ಒಂದು ಮಸೂರ ೧.೩ ಮಿ.ಮೀ.ನಷ್ಟು ಸ್ಥಾನ ತಪ್ಪಿತ್ತು. ಬೇರೆ ಸರಳ ಪರೀಕ್ಷೆಗಳು ಏನೋ ತಪ್ಪಿದೆಯೆಂದು ಸೂಚಿಸಿದ್ದವು. ಮುಖ್ಯ ಉಪಕರಣವೇ ಹೆಚ್ಚು ನಿಖರವೆಂಬ ನಂಬಿಕೆಯಿಂದ ಆ ಸೂಚನೆಗಳನ್ನು ಬದಿಗೊತ್ತಲಾಗಿತ್ತು. ಒಬ್ಬನೇ ವಕ್ತೃವಿನ ಮಾತನ್ನು ಪ್ರಮಾಣವೆಂದು ಹಿಡಿದರೆ ಕ್ಷೇತ್ರಕಾರ್ಯ ದಾರಿತಪ್ಪುತ್ತದೆಯೆಂಬುದನ್ನು ಬಲ್ಲ ಜಾನಪದ ಸಂಶೋಧಕರಿಗೆ ಈ ಪ್ರಸಂಗ ಅಪರಿಚಿತವೆನಿಸದು.

ತಪ್ಪಿನ ಪ್ರಮಾಣ ನಿಖರವಾಗಿ ತಿಳಿದುದರಿಂದ ಪರಿಹಾರವೂ ಸಾಧ್ಯವಾಯಿತು. ೧೯೯೩ರ ಡಿಸೆಂಬರ್‌ನಲ್ಲಿ ಎಂಡೆವರ್ ನೌಕೆಯ ಗಗನಯಾತ್ರಿಗಳು ಐದು ಬಾರಿ ಬಾಹ್ಯಾಕಾಶ ನಡಿಗೆ ಕೈಗೊಂಡು, ದೋಷವನ್ನು ಸರಿದೂಗಿಸುವ ಹೊಸ ಕ್ಯಾಮೆರಾವನ್ನೂ ಇತರ ಉಪಕರಣಗಳಿಗೆ ತಿದ್ದುಪಡಿ ಕನ್ನಡಿಗಳನ್ನೂ ಅಳವಡಿಸಿದರು. ೧೯೯೭, ೧೯೯೯, ೨೦೦೨ ಮತ್ತು ೨೦೦೯ರಲ್ಲಿ ಮತ್ತೆ ದುರಸ್ತಿ ಯಾತ್ರೆಗಳು ನಡೆದವು. ೨೦೦೩ರ ಕೊಲಂಬಿಯಾ ದುರಂತದ ತರುವಾಯ ೨೦೦೪ರಲ್ಲಿ ಕೈಬಿಟ್ಟಿದ್ದ ಕೊನೆಯ ಯಾತ್ರೆಗೆ ೨೦೦೬ರಲ್ಲಿ ಮತ್ತೆ ಸಮ್ಮತಿ ದೊರೆತುದು ಗಮನಾರ್ಹ.

ವಿಶ್ವದ ವಯಸ್ಸು

ದುರಸ್ತಿಗೊಂಡ ದೂರದರ್ಶಕದ ಮೊದಲ ಮಹತ್ವದ ಹೊಣೆ ಹಿಗ್ಗುವಿಕೆಯ ದರವನ್ನು ನಿರ್ಧರಿಸುವುದಾಗಿತ್ತು. ವೆಂಡಿ ಫ್ರೀಡ್‌ಮನ್, ರಾಬರ್ಟ್ ಕೆನಿಕಟ್ ಮತ್ತು ಜೆರೆಮಿ ಮೋಲ್ಡ್ ಅವರ ನೇತೃತ್ವದ ತಂಡ ಹಲವು ಗೆಲಾಕ್ಸಿಗಳಲ್ಲಿ ಸೀಫಿಡ್‌ಗಳನ್ನು ಗುರುತಿಸಿ, ೨೦೦೧ರಲ್ಲಿ ೭೨ ಎಂಬ ಮೌಲ್ಯವನ್ನು ಪ್ರಕಟಿಸಿತು. ಅದರಲ್ಲಿ ೮ರಷ್ಟು ಹೆಚ್ಚುಕಡಿಮೆಯಾಗುವ ಸಾಧ್ಯತೆಯನ್ನೂ ಹೇಳಿತು. ಐವತ್ತು, ನೂರೆಂಬ ಎರಡು ಪಾಠಗಳ ನಡುವಿನ ದೀರ್ಘ ಕಲಹ ಬಹುಮಟ್ಟಿಗೆ ಇಲ್ಲಿ ಮುಗಿಯಿತು.

ಆದರೆ ಈ ಮೌಲ್ಯವೂ ಹಳೆಯ ತೊಡಕನ್ನು ಮತ್ತೆ ತಂದೊಡ್ಡಿತು. ವಿಶ್ವದ ಹಿಗ್ಗುವಿಕೆ ಗುರುತ್ವದ ಸೆಳೆತದಿಂದ ನಿಧಾನಗೊಳ್ಳುತ್ತಿದೆಯೆಂದು ಭಾವಿಸಿದರೆ ವಯಸ್ಸು ೯೦೦ ಕೋಟಿ ವರ್ಷವೆಂದಷ್ಟೇ ಬರುತ್ತಿತ್ತು. ಅತ್ಯಂತ ಹಳೆಯ ನಕ್ಷತ್ರಗಳು ಅದಕ್ಕಿಂತ ಹಿರಿಯವಾಗಿದ್ದವು. ಮಕ್ಕಳು ತಾಯಿಗಿಂತ ಹಿರಿಯರಾದ ಈ ವೈಚಿತ್ರ್ಯವನ್ನು ಬಿಡಿಸಿದ್ದು ೧೯೯೮ರ ಶೋಧ. ಸೋಲ್ ಪರ್ಲ್‌ಮಟರ್ ಅವರ ತಂಡ ಹಾಗೂ ಬ್ರಯನ್ ಶ್ಮಿಟ್, ಆಡಮ್ ರೀಸ್ ಅವರಿದ್ದ ತಂಡ ದೂರದ ಸೂಪರ್‌ನೋವಾಗಳನ್ನು ಅಳೆದು, ಹಿಗ್ಗುವಿಕೆ ನಿಧಾನಗೊಳ್ಳುವ ಬದಲು ವೇಗ ಪಡೆಯುತ್ತಿದೆಯೆಂದು ಸಾರಿದವು. ಭೂಮಿಯ ದೂರದರ್ಶಕಗಳು ಆರಂಭಿಸಿದ ಈ ಕಾರ್ಯಕ್ಕೆ ಹಬಲ್ ಬೆಂಬಲವಾಗಿ ನಿಂತು, ಮುಂದೆ ಇನ್ನೂ ದೂರದ ಸೂಪರ್‌ನೋವಾಗಳ ಮೂಲಕ ಅದನ್ನು ದೃಢಪಡಿಸಿತು. ವೇಗವರ್ಧನೆಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ವಿಶ್ವ ತನ್ನ ನಕ್ಷತ್ರಗಳಿಗಿಂತ ಹಿರಿದಾಯಿತು; ಇಂದು ಒಪ್ಪಿತವಾದ ವಯಸ್ಸು ಸುಮಾರು ೧೩೮೦ ಕೋಟಿ ವರ್ಷ. ವೇಗಕ್ಕೆ ಕಾರಣವಾದುದನ್ನು ಕಪ್ಪು ಶಕ್ತಿಯೆಂದು ಕರೆಯಲಾಗಿದೆ. ಅದರ ಸ್ವರೂಪ ಇನ್ನೂ ನಿಗೂಢ. ಮೂವರಿಗೂ ೨೦೧೧ರ ನೊಬೆಲ್ ಪುರಸ್ಕಾರ ಸಂದಿತು.

ಬರಿದೆಂದು ಕಂಡ ಜಾಗ

೧೯೯೫ರಲ್ಲಿ ದೂರದರ್ಶಕ ಸಂಸ್ಥೆಯ ನಿರ್ದೇಶಕರಾಗಿದ್ದ ರಾಬರ್ಟ್ ವಿಲಿಯಮ್ಸ್ ತಮ್ಮ ವಿವೇಚನೆಗೆ ಬಿಟ್ಟಿದ್ದ ಅವಧಿಯನ್ನು ಏನೂ ಇಲ್ಲವೆಂಬಂತೆ ತೋರುವ ಒಂದು ಜಾಗವನ್ನು ನೋಡಲು ವಿನಿಯೋಗಿಸಿದರು. ಏನೂ ದೊರೆಯದೆ ಅಮೂಲ್ಯ ಸಮಯ ವ್ಯರ್ಥವಾಗಬಹುದೆಂಬ ಆತಂಕವಿತ್ತು. ಸಪ್ತರ್ಷಿ ಮಂಡಲದಲ್ಲಿ ಇಡೀ ಆಕಾಶದ ಸುಮಾರು ೨೪೦ ಲಕ್ಷದಲ್ಲೊಂದು ಭಾಗದಷ್ಟು ಕಿರಿದಾದ ತುಣುಕನ್ನು ಡಿಸೆಂಬರ್‌ನಲ್ಲಿ ಹತ್ತು ದಿನ ದಿಟ್ಟಿಸಿ ೩೪೨ ಛಾಯಾಚಿತ್ರಗಳನ್ನು ಪಡೆಯಲಾಯಿತು. ಅಲ್ಲಿ ಸುಮಾರು ೩೦೦೦ ಗೆಲಾಕ್ಸಿಗಳು ಕಂಡವು. ೨೦೦೩-೦೪ರಲ್ಲಿ ಫೋರ್ನಾಕ್ಸ್ ನಕ್ಷತ್ರಪುಂಜದ ಕಡೆ ನಡೆದ ಇನ್ನೂ ಆಳವಾದ ವೀಕ್ಷಣೆಯಲ್ಲಿ ಸುಮಾರು ೧೦,೦೦೦ ಗೆಲಾಕ್ಸಿಗಳು ದೊರೆತವು. ದೂರದ ಬೆಳಕು ಪ್ರಾಚೀನ ಬೆಳಕೂ ಆಗಿರುವುದರಿಂದ, ಎಳವೆಯ ಗೆಲಾಕ್ಸಿಗಳು ಚಿಕ್ಕವೂ ವಿರೂಪವೂ ಆಗಿದ್ದು ಕಾಲಕ್ರಮದಲ್ಲಿ ಬೆರೆತು ಬೆಳೆದ ಬಗೆ ಒಂದೇ ಚಿತ್ರದಲ್ಲಿ ಓದಸಿಕ್ಕಿತು. ಈ ದತ್ತಾಂಶವನ್ನು ಗುಟ್ಟಾಗಿಡದೆ ಎಲ್ಲ ಸಂಶೋಧಕರಿಗೂ ಕೂಡಲೇ ತೆರೆದಿಟ್ಟುದು ಅಷ್ಟೇ ಮುಖ್ಯವಾದ ಸಂಗತಿ.

ಈ ಆಳದ ವೀಕ್ಷಣೆಗಳಿಗೆ ನಮ್ಮ ನಾಡಿನ ಸಂಬಂಧವೂ ಇದೆ. ೨೦೧೫ರಲ್ಲಿ ಉಡಾವಣೆಗೊಂಡ ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ನೇತೃತ್ವದಲ್ಲಿ ಸಿದ್ಧವಾದುದು. ಹಬಲ್ ಆಳವಾಗಿ ನೋಡಿದ್ದ ಫೋರ್ನಾಕ್ಸ್‌ನ ಅದೇ ಪ್ರದೇಶದಲ್ಲಿ, ೯೩೦ ಕೋಟಿ ವರ್ಷಗಳ ಹಿಂದೆ ಹೊರಟ ತೀವ್ರ ಅತಿನೇರಳೆ ಬೆಳಕನ್ನು ಅದು ಗ್ರಹಿಸಿತೆಂದು ೨೦೨೦ರಲ್ಲಿ ಪ್ರಕಟವಾಯಿತು.

ಚಿತ್ರ ಮತ್ತು ಜನಮನ

ಹಬಲ್‌ನ ಚಿತ್ರಗಳಲ್ಲಿ ಹದ್ದು ನೀಹಾರಿಕೆಯ ಧೂಳುಕಂಬಗಳ ೧೯೯೫ರ ಚಿತ್ರ ಬಹು ಪ್ರಸಿದ್ಧ. ‘ಸೃಷ್ಟಿಯ ಸ್ತಂಭಗಳು’ ಎಂಬ ಅದರ ಹೆಸರೇ ಪುರಾಣದ ಭಾಷೆಯದು. ಆದರೆ ಅದರ ಬಣ್ಣಗಳು ಕಣ್ಣಿಗೆ ಕಾಣುವಂತಹವಲ್ಲ. ಗಂಧಕ, ಜಲಜನಕ, ಆಮ್ಲಜನಕಗಳ ಬೆಳಕನ್ನು ಬೇರೆಬೇರೆಯಾಗಿ ಸೆರೆಹಿಡಿದು ಅವುಗಳಿಗೆ ಕ್ರಮವಾಗಿ ಕೆಂಪು, ಹಸಿರು, ನೀಲಿಗಳನ್ನು ನಿಗದಿಪಡಿಸಲಾಗಿದೆ. ಈ ಒಪ್ಪಂದವನ್ನು ಅರಿತು ನೋಡಿದರೆ ಚಿತ್ರ ಮಾಹಿತಿಯ ನಕ್ಷೆಯಾಗುತ್ತದೆ. ಅರಿಯದೆ ನೋಡಿದರೆ ಅದ್ಭುತವಷ್ಟೇ ಆಗಿ ಉಳಿಯುತ್ತದೆ.

ಸಮಾರೋಪ

ಹಬಲ್ ತೀರಿಸಿದ ವಿವಾದದಿಂದಲೇ ಹೊಸ ಪಾಠಾಂತರವೊಂದು ಹುಟ್ಟಿದೆ. ಸೀಫಿಡ್ ಮತ್ತು ಸೂಪರ್‌ನೋವಾಗಳ ಅಳತೆ ಹಿಗ್ಗುವಿಕೆಯ ದರವನ್ನು ಸುಮಾರು ೭೩ ಎನ್ನುತ್ತದೆ. ವಿಶ್ವದ ಆದಿಯ ಬೆಳಕನ್ನು ಅಳೆದ ಪ್ಲ್ಯಾಂಕ್ ಉಪಗ್ರಹದ ಲೆಕ್ಕ ಸುಮಾರು ೬೭ ಎನ್ನುತ್ತದೆ. ೨೦೨೧ರ ಡಿಸೆಂಬರ್‌ನಲ್ಲಿ ಉಡಾವಣೆಗೊಂಡ ಜೇಮ್ಸ್ ವೆಬ್ ದೂರದರ್ಶಕ ಹಬಲ್‌ನ ಸೀಫಿಡ್ ಅಳತೆಗಳನ್ನು ಮರುಪರೀಕ್ಷಿಸಿ ಸಮರ್ಥಿಸಿದೆಯಾದರೂ ಅಂತರ ಇನ್ನೂ ಇತ್ಯರ್ಥವಾಗಿಲ್ಲ.

ಜನಪದರ ಆಕಾಶಜ್ಞಾನದಲ್ಲಿ ಇದೆಲ್ಲವೂ ಮೊದಲೇ ಇತ್ತೆಂದು ಹೇಳುವ ಉತ್ಸಾಹ ಆಗಾಗ ಕಾಣಿಸಿಕೊಳ್ಳುತ್ತದೆ. ಅದರಿಂದ ವಿಜ್ಞಾನಕ್ಕೂ ಜಾನಪದಕ್ಕೂ ಅನ್ಯಾಯವಾಗುತ್ತದೆ. ಮಳೆನಕ್ಷತ್ರಗಳ ಜ್ಞಾನ ಬಿತ್ತನೆಯ ಹದವನ್ನು ಕುರಿತದ್ದು. ಅದರ ಬೆಲೆ ಆ ಬದುಕಿನೊಳಗಿದೆ. ಹಬಲ್ ಕೊಟ್ಟ ಜ್ಞಾನದ ಬೆಲೆ ಬೇರೊಂದು ಗುಣದಲ್ಲಿದೆ: ಕನ್ನಡಿಯ ದೋಷದಿಂದ ಮೊದಲುಗೊಂಡು ವಿಶ್ವದ ವಯಸ್ಸಿನವರೆಗೆ, ತಾನು ತಪ್ಪಿದ್ದು ಎಷ್ಟೆಂಬುದನ್ನು ಅದು ಅಂಕಿಗಳಲ್ಲಿ ಬರೆದಿಟ್ಟಿದೆ. ಮುಂದಿನವರು ಅಲ್ಲಿಂದಲೇ ತಿದ್ದುತ್ತ ಹೋಗಲು ಸಾಧ್ಯವಾಗಿರುವುದು ಆ ದಾಖಲೆಯಿಂದ.